ಹೆಜ್ಜೆಗೊಂದು ಉಸಿರು

ಕುದುರೆಗೆ ಬಾಯಿಂದ ಉಸಿರಾಡಲು ಬರುವುದಿಲ್ಲ. ಎಷ್ಟೇ ಓಡಲಿ, ಎಷ್ಟೇ ದಣಿಯಲಿ, ಗಾಳಿ ಒಳಗೆ ಹೋಗುವುದೂ ಹೊರಗೆ ಬರುವುದೂ ಮೂಗಿನಿಂದಲೇ. ಐದು ವರ್ಷ ಒಂದು ಕುದುರೆಯನ್ನು ಸಾಕಿ, ಅದರ ಮೈ ತಿಕ್ಕಿ, ಬೆನ್ನ ಮೇಲೆ ಕೂತು, ಅದರ ಜತೆ ದಿನಾ ಜಗಳವಾಡಿದ ನನಗೆ ಇಷ್ಟು ಸಣ್ಣ ಸಂಗತಿ ಗೊತ್ತಿರಲಿಲ್ಲ. ಗೊತ್ತಾದದ್ದು ರಾಯಚೂರಿನ ನಡುರಸ್ತೆಯಲ್ಲಿ, ಮದುವೆ ಗಂಡು ಅದರ ಮೇಲಿಂದ ಇಳಿದು ಪೇಟ ಸರಿಮಾಡಿಕೊಳ್ಳುತ್ತ ಕಾಲ್ನಡಿಗೆಯಲ್ಲಿ ಹೋದ ದಿನ. ಅದನ್ನು ಹೇಳುವುದಕ್ಕೆ ಮೊದಲು ನನ್ನ ವಿಷಯ ಸ್ವಲ್ಪ ಹೇಳಬೇಕು.

ನಾನು ಮಾನ್ವಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್. ನನ್ನ ವಿದ್ಯೆಯೆಲ್ಲ ಕಿವಿಯಲ್ಲಿದೆ. ಓಡುತ್ತಿರುವ ಯಂತ್ರದ ಮೈಗೆ ಉದ್ದನೆಯ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಕೆಗೆ ಕಿವಿ ಕೊಟ್ಟರೆ ಒಳಗೆ ಯಾವ ಬೇರಿಂಗ್ ಸವೆದಿದೆ, ಎಷ್ಟು ದಿನ ಬಾಳುತ್ತದೆ ಎಂದು ಹೇಳಬಲ್ಲೆ. ಹುಡುಗನಾಗಿದ್ದಾಗ ನನಗೆ ಇದನ್ನು ಕಲಿಸಿದ ಮಿಸ್ತ್ರಿ ಒಂದು ಮಾತು ಹೇಳುತ್ತಿದ್ದ: "ಒಳಗ ಕರಕರ ಕೇಳಲಿಲ್ಲಂದ್ರ ನಿನ್ನ ಕೆಲಸ ಅಲ್ಲಿಲ್ಲಲೇ. ಸಾಮಾನು ಎತ್ಕೊಂಡು ಮನಿಗೆ ನಡಿ." ಮೂವತ್ತು ವರ್ಷಕ್ಕೂ ಮೇಲೆ ನಾನು ಹಾಗೇ ಮಾಡಿದ್ದೇನೆ. ಕೇಳಿಸಿದರೆ ಬಿಚ್ಚುವುದು, ಕೇಳಿಸದಿದ್ದರೆ ಮನೆಗೆ ಹೋಗುವುದು.

ಮನೆ ಎಂದರೆ ಮಿಲ್ಲಿನ ಹಿಂದೆಯೇ ಇರುವ ಎರಡು ಕೋಣೆ, ಪಕ್ಕದಲ್ಲಿ ಒಂದು ತಗಡಿನ ಶೆಡ್ಡು. ಆ ಎರಡು ಕೋಣೆಯಲ್ಲಿ ನಾನು, ನನ್ನ ಹೆಂಡತಿ ಇಪ್ಪತ್ತೆರಡು ವರ್ಷ ಇದ್ದೆವು. ಮಕ್ಕಳಾಗಲಿಲ್ಲ. ಅವಳಿಗೆ ದಮ್ಮು ಇತ್ತು. ಚಳಿಗಾಲ ಬಂತೆಂದರೆ ಕೆಮ್ಮು, ಎದೆಯಲ್ಲಿ ಸೀಟಿ ಊದಿದ ಹಾಗೆ ಸದ್ದು. ತಣ್ಣನೆ ಗಾಳಿ ತಾಗಬಾರದೆಂದು ಕಿಟಕಿಗೆ ಗೋಣಿತಟ್ಟು ಮಡಚಿ ಮೊಳೆ ಹೊಡೆದಿದ್ದೆ. ಮೂಲೆಯಲ್ಲಿ ಕೆಂಡ ಇಟ್ಟು ಲೋಬಾನ ಹಾಕುತ್ತಿದ್ದೆ. ದವಾಖಾನೆಗೂ ಕರೆದುಕೊಂಡು ಹೋದೆ, ಇಲ್ಲವೆಂದಲ್ಲ. ಮಾತ್ರೆ ಕೊಟ್ಟರು, ನುಂಗಿದಳು. ಒಂದು ಬೆಳಿಗ್ಗೆ ನಾನು ಹಲ್ಲು ತಿಕ್ಕುತ್ತ ಅಂಗಳದಲ್ಲಿ ನಿಂತಿದ್ದಾಗ ಒಳಗಿನ ಸೀಟಿ ಕೇಳಿಸುತ್ತಿಲ್ಲ ಎಂದು ಗೊತ್ತಾಯಿತು. ಬಾಯಲ್ಲಿ ಬೇವಿನ ಕಡ್ಡಿ ಹಾಗೇ ಇತ್ತು. ಒಳಗೆ ಹೋಗಲು ನನಗೆ ಬಹಳ ಹೊತ್ತು ಹಿಡಿಯಿತು.

ನನ್ನ ಬಾಯಿ ಕೆಟ್ಟದ್ದು. ಮಿಲ್ಲಿನವರೆಲ್ಲ ಬಲ್ಲರು. ನಟ್ಟು ಸಿಗದಿದ್ದರೂ ಬೈಗುಳ, ಸಿಕ್ಕರೂ ಬೈಗುಳ. ಅವಳಿದ್ದಾಗ ಸಾರಿಗೆ ಉಪ್ಪು ಹೆಚ್ಚಾಯಿತೆಂದು, ಕಡಿಮೆಯಾಯಿತೆಂದು, ಸರಿಯಾಗಿದ್ದರೆ ಇಷ್ಟು ದಿನ ಯಾಕೆ ಸರಿ ಮಾಡಲಿಲ್ಲವೆಂದು ಕೂಗಾಡುತ್ತಿದ್ದೆ. ಅವಳು, "ಆತೇನು? ಇನ್ನೂ ಅದನ?" ಎಂದು ಕೇಳಿ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಬೈಯಲು ಯಾರೂ ಇರಲಿಲ್ಲ. ಒಂಟಿತನ ಎಂದರೆ ನನ್ನ ಮಟ್ಟಿಗೆ ಅದೇ. ಒಂದು ಸಂಜೆ ಖಾಲಿ ತಟ್ಟೆಯ ಮುಂದೆ ಕೂತು ಉಪ್ಪಿನ ಡಬ್ಬಿಯನ್ನೇ ಬೈದೆ. ಆಮೇಲೆ ನಾಚಿಕೆಯಾಯಿತು.

ಆ ವರ್ಷವೇ ರಾಯಚೂರಿಗೆ ಒಂದು ಮೋಟಾರು ರಿಪೇರಿಗೆ ಹೋದವನು ಒಂದು ಕುದುರೆ ಕೊಂಡುಕೊಂಡೆ. ಅಲ್ಲೊಬ್ಬ ಮದುವೆಗಳಿಗೆ ಕುದುರೆ ಬಾಡಿಗೆಗೆ ಕೊಡುವವನಿದ್ದ. ಅವನ ಬಾಗಿಲಲ್ಲಿ ಒಂದು ಬಿಳಿ ಹೆಣ್ಣು ಕುದುರೆ ಕಟ್ಟಿತ್ತು. ಕಚ್ಚುತ್ತದೆ, ಮಾತು ಕೇಳುವುದಿಲ್ಲ, ಕೊಟ್ಟುಬಿಡುತ್ತೇನೆ ಎಂದ. ನಾನು ಹತ್ತಿರ ಹೋದೆ. ನನ್ನ ಅಂಗಿಯ ತೋಳು ಹಿಡಿದು ಎಳೆಯಿತು. ಬಾಯಿಗೆ ಬಂದ ಹಾಗೆ ಬೈದೆ. ಅದು ಕಿವಿ ಹಿಂದಕ್ಕೆ ಮಲಗಿಸಿ, ಪೂರ್ತಿ ಕೇಳಿಸಿಕೊಂಡು, ಮುಗಿದ ಮೇಲೆ ಒಮ್ಮೆ ಫುರ್ರ್ ಎಂದು ಮೂಗಿನಿಂದ ಗಾಳಿ ಬಿಟ್ಟಿತು. "ಆತೇನು? ಇನ್ನೂ ಅದನ?" ಎಂದ ಹಾಗೇ ಇತ್ತು. ವಾರದೊಳಗೆ ಅದು ಮಾನ್ವಿಯಲ್ಲಿ ನನ್ನ ಶೆಡ್ಡಿನಲ್ಲಿತ್ತು.

ಹೆಸರು ಇಡಲಿಲ್ಲ. ನಮ್ಮ ಕಡೆ ಸಲಿಗೆಯಿದ್ದ ಹೆಂಗಸರನ್ನು 'ಬೇ' ಎಂದು ಕರೆಯುತ್ತೇವೆ. ಹೆಂಡತಿಯನ್ನು ಹಾಗೇ ಕರೆಯುತ್ತಿದ್ದೆ, ಕುದುರೆಯನ್ನೂ ಹಾಗೇ ಕರೆದೆ. "ಯಾಕಬೇ, ಇವತ್ತ ನೀರು ಕುಡ್ಯಂಗಿಲ್ಲೇನು?" ಎಂದರೆ ಕಿವಿ ತಿರುಗಿಸುತ್ತಿತ್ತು.

ಅದನ್ನು ನಾನು ಚೆನ್ನಾಗಿ ನೋಡಿಕೊಂಡೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರಿಂದಲೇ ಆದದ್ದು. ಅಕ್ಕಿ ಮಿಲ್ಲಿನಲ್ಲಿ ಇರುವವನಿಗೆ ಭತ್ತದ ಹೊಟ್ಟಿಗೆ ಏನು ಬರ. ಮಿಲ್ಲಿನ ಕೊಳವೆ ಹಗಲೆಲ್ಲ ಹೊಟ್ಟು ಉಗುಳುತ್ತದೆ, ಅಂಗಳದಲ್ಲಿ ಗುಡ್ಡ ಬೀಳುತ್ತದೆ. ಆ ಹೊಟ್ಟನ್ನೇ ಶೆಡ್ಡಿನಲ್ಲಿ ಮೊಣಕಾಲುದ್ದ ಹಾಸಿ ಕುದುರೆಗೆ ಹಾಸಿಗೆ ಮಾಡಿದೆ. ಮೇವಿಗೆ ಭತ್ತದ ಹುಲ್ಲು, ಅದರ ಮೇಲೆ ಒಣ ತೌಡು. ಹುಲ್ಲಿನಲ್ಲಿ ಧೂಳಿರುತ್ತದಲ್ಲ, ಅದಕ್ಕೆ ದಿನಾ ಬೆಳಿಗ್ಗೆ ಶೆಡ್ಡಿನೊಳಗೆ ನಿಂತು ಒಂದೊಂದೇ ಹಿಡಿ ಝಾಡಿಸಿ ಝಾಡಿಸಿ ಅದರ ಮುಂದೆ ಹಾಕುತ್ತಿದ್ದೆ. ಚಳಿಗಾಲದಲ್ಲಿ ಗಾಳಿ ಬರುವ ಸಂದುಗಳಿಗೆಲ್ಲ ಗೋಣಿತಟ್ಟು ಹೊಡೆದೆ. ಮಿಲ್ಲಿನ ಹಮಾಲರು ನೋಡಿ, "ನಮ್ಮನ್ನ ಕುದುರಿ ಮಾಡಿ ಸಾಕರೀ ಫಿಟ್ಟರೇ" ಎಂದು ತಮಾಷೆ ಮಾಡುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು.

ಮದುವೆ ದಿನಗಳಲ್ಲಿ ಸಿರವಾರ, ರಾಯಚೂರು, ಒಮ್ಮೊಮ್ಮೆ ದೇವದುರ್ಗದ ತನಕ ಮೆರವಣಿಗೆಗೆ ಹೋಗುತ್ತಿದ್ದೆವು. ಹೆಚ್ಚಾಗಿ ಒಂದೇ ಬ್ಯಾಂಡಿನವರು ಸಿಗುತ್ತಿದ್ದರು. ಅದರಲ್ಲಿ ದೇವದುರ್ಗದ ಒಬ್ಬ ಕ್ಲಾರಿನೆಟ್ ಊದುವವನಿದ್ದ, ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಕಾಕಾ ಎನ್ನುತ್ತಿದ್ದೆ. ಕುದುರೆಯ ಮುಂದೆ ಎರಡು ಮಾರು ದೂರದಲ್ಲಿ ಹಿಮ್ಮುಖವಾಗಿ ನಡೆಯುತ್ತ, ಅದರ ಕಣ್ಣಲ್ಲಿ ಕಣ್ಣಿಟ್ಟು ಊದುವುದು ಅವನ ರೂಢಿ. ಹಾಗೆ ಊದಿದರೆ ಕುದುರೆ ಹೆದರುವುದಿಲ್ಲ ಎನ್ನುತ್ತಿದ್ದ.

ಆದರೆ ನನಗೆ ಇಷ್ಟವಾದದ್ದು ಭಾನುವಾರದ ಬೆಳಗು. ಅಂದು ಮಿಲ್ಲು ಬಂದ್. ಕಾಲುವೆ ದಂಡೆಯ ಮಣ್ಣು ರಸ್ತೆಗೆ ಕರೆದೊಯ್ದು, ಮೊದಲು ನಡೆಸಿ, ಆಮೇಲೆ ಓಡಲು ಬಿಡುತ್ತಿದ್ದೆ. ಎರಡೂ ಕಡೆ ಭತ್ತದ ಗದ್ದೆ, ನೀರಿನ ವಾಸನೆ. ಪೂರ್ತಿ ಓಟಕ್ಕೆ ಬಿದ್ದಾಗ ಅದರ ಉಸಿರು ಕಾಲಿಗೆ ಕೂಡಿಕೊಳ್ಳುತ್ತಿತ್ತು. ಮುಂಗಾಲು ನೆಲಕ್ಕೆ ಬಿದ್ದಾಗ ಉಸಿರು ಹೊರಗೆ, ಮೈ ಮೇಲಕ್ಕೆದ್ದಾಗ ಒಳಗೆ. ಹೆಜ್ಜೆಗೊಂದು ಉಸಿರು, ಕಮ್ಮಾರನ ತಿದಿ ಒತ್ತಿದ ಹಾಗೆ ತಪ್ಪದೆ. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ನನ್ನ ಉಸಿರೂ ಅದರ ಜತೆ ಸೇರಿಕೊಳ್ಳುತ್ತಿತ್ತು. ಹೆಂಡತಿ ಸತ್ತ ಮೇಲೆ ನಾನು ಇನ್ನೊಂದು ಜೀವದ ಜತೆ ಒಂದೇ ತಾಳಕ್ಕೆ ಇದ್ದದ್ದು ವಾರಕ್ಕೆ ಆ ಅರ್ಧ ತಾಸು ಮಾತ್ರ.

ನಾಲ್ಕನೆಯ ವರ್ಷ ಕೆಮ್ಮು ಬಂತು. ಶುರುವಿಗೆ ಓಡಲು ಹೊರಟಾಗ ಎರಡೇ ಎರಡು ಸಲ. ಗಂಟಲು ಸರಿಮಾಡಿಕೊಳ್ಳುತ್ತದೆ ಎಂದುಕೊಂಡೆ. ಆಮೇಲೆ ಮೇವು ತಿನ್ನುವಾಗ. ಹೊಟ್ಟೆಯ ಪಕ್ಕದಲ್ಲಿ, ಪಕ್ಕೆಲುಬಿನ ಅಂಚಿಗೆ, ಹಗ್ಗ ಎಳೆದ ಹಾಗೆ ಒಂದು ಗೆರೆ ಎದ್ದಿತು. ಓಡಿ ಓಡಿ ಮೈಕಟ್ಟು ಬಂದಿದೆ ಎಂದು ಹಮಾಲರಿಗೆಲ್ಲ ತೋರಿಸಿದೆ. ಅವರೂ ಹೌದೆಂದರು.

ಕೆಮ್ಮು ಹೆಚ್ಚಾದಾಗ ಒಬ್ಬ ಹಮಾಲ, "ಬಿಳಿ ಕುದುರಿ, ಮದುವಿ ಮದುವಿ ತಿರುಗ್ತದ. ಎಷ್ಟು ಮಂದಿ ಕಣ್ಣು ಬಿದ್ದಿರ್ತಾವ. ದೃಷ್ಟಿ ತಾಗ್ಯಾದ ನೋಡ್ರಿ" ಎಂದ. ಒಣಮೆಣಸಿನಕಾಯಿ, ಉಪ್ಪು ಇಳಿಸಿ ಕೆಂಡಕ್ಕೆ ಹಾಕಿದೆ. ಶೆಡ್ಡಿನ ಬಾಗಿಲಿಗೂ ತಟ್ಟು ಇಳಿಬಿಟ್ಟು ಒಳಗೆ ಲೋಬಾನದ ಹೊಗೆ ತುಂಬಿಸಿದೆ. ಹೊಗೆಯೊಳಗೆ ಅದು ಕೆಮ್ಮುತ್ತ ನಿಂತಿತ್ತು, ನಾನು ಹೊರಗೆ ನಿಂತು, "ತಡಕೊ ಬೇ, ಹೋಗ್ತದ, ಹೋಗ್ತದ" ಎನ್ನುತ್ತಿದ್ದೆ. ಇದೇ ಮಾತನ್ನು ಇನ್ನೊಬ್ಬಳಿಗೂ ಹೇಳಿದ್ದೆ. ಅದು ಆಗ ನೆನಪಾಗಲಿಲ್ಲ.

ಐದನೆಯ ವರ್ಷದ ಬೇಸಿಗೆಯಲ್ಲಿ ರಾಯಚೂರಿನ ಆ ಮದುವೆ. ಬೆಳಿಗ್ಗೆ ಹತ್ತರ ಬಿಸಿಲು, ಮುಂದೆ ಬ್ಯಾಂಡು, ಪಟಾಕಿ ಹೊಗೆ. ಕುದುರೆಯ ಮುಖಕ್ಕೆ ಜರಿಯ ಪಟ್ಟಿ ಬಿಗಿದಿದ್ದೆ, ಮೂಗಿನ ಮೇಲೆ ಮುತ್ತಿನ ಜಾಲರಿ. ಮಂಟಪಕ್ಕೆ ಇನ್ನು ಎರಡು ಓಣಿ ಇರುವಾಗ ಕುದುರೆ ನಿಂತುಬಿಟ್ಟಿತು. ಕುತ್ತಿಗೆ ಮುಂದಕ್ಕೆ ಚಾಚಿತ್ತು. ಮೂಗಿನ ಹೊಳ್ಳೆಗಳು ಬಟ್ಟಲಿನಷ್ಟಾಗಿದ್ದವು. ಹೊಟ್ಟೆ ಎರಡೆರಡು ಸಲ ಒತ್ತಿಕೊಳ್ಳುತ್ತಿತ್ತು, ಗಾಳಿ ಹೊರಗೆ ಬರುತ್ತಿರಲಿಲ್ಲ. ಲಗಾಮು ಹಿಡಿದು ಎಳೆದೆ, ಕದಲಲಿಲ್ಲ. ಗಂಡಿನ ಸೋದರಮಾವ ಹತ್ತಿರ ಬಂದು, "ಏನ್ರೀ, ಕುದುರಿ ತಂದೀರೋ ಹೆಣ ತಂದೀರೋ?" ಎಂದ. ಬೇರೆ ದಿನವಾದರೆ ಅವನಿಗೆ ತಕ್ಕ ಉತ್ತರ ಕೊಡುತ್ತಿದ್ದೆ. ಅವತ್ತು ಲಗಾಮು ಬಿಟ್ಟು ಕುದುರೆಯ ಮುಖದ ಮುಂದೆ ಬಂದೆ.

ನಾನು ಮಾಡಿದ್ದೇನೆಂದರೆ, ಗಾಳಿ ಸಿಗಲಿ ಎಂದು ಎರಡೂ ಕೈಯಿಂದ ಅದರ ಬಾಯಿ ಬಿಡಿಸಲು ಹೋದೆ. ಕ್ಲಾರಿನೆಟ್ ಕಾಕಾ ವಾದ್ಯವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿಬಂದು ನನ್ನ ಕೈ ತಳ್ಳಿದ.

"ಅದರ ಬಾಯಿ ಬಿಟ್ಟುಬಿಡು ತಮ್ಮಾ, ಮೂಗು ಬಿಡಿಸು. ಆ ಪಟ್ಟಿ ಕಿತ್ತು ಒಗಿ."

"ಬಾಯಾಗರ ಗಾಳಿ ತಗೋಲಿ ಕಾಕಾ."

"ಐದು ವರ್ಷ ಇದರ ಮುಖ ನೋಡ್ಕೋತ ಊದೀನಿ. ಒಂದು ದಿನಾನೂ ಬಾಯಾಗ ಉಸಿರು ತಗೊಂಡದ್ದು ನಾ ನೋಡಿಲ್ಲ. ನೀ ಬೆನ್ನ ಮ್ಯಾಲ ಕುಂತೋನು, ನಿನಗೇನು ಕಾಣ್ತದ."

ಅವನೇ ಜರಿ ಪಟ್ಟಿ ಬಿಚ್ಚಿದ, ಹೊಟ್ಟೆಯ ಪಟ್ಟಿ ಸಡಿಲ ಮಾಡಿದ. ಮದುವೆ ಗಂಡು ಒಳ್ಳೆಯ ಹುಡುಗ. ಸುಮ್ಮನೆ ಇಳಿದು, "ಅದಕ್ಕ ನೀರು ಕುಡಸ್ರಿ, ನಾ ನಡ್ಕೊಂಡು ಹೋಗ್ತೀನಿ" ಎಂದು ಹೊರಟ. ಕಾಕಾನ ಸಮೇತ ಬ್ಯಾಂಡು ಅವನ ಹಿಂದೆ ಹೋಯಿತು. ಓಣಿ ಖಾಲಿಯಾಯಿತು. ಸುಟ್ಟ ಪಟಾಕಿ ಕಾಗದದ ನಡುವೆ ನಾವಿಬ್ಬರೇ ಒಂದು ಬೇವಿನ ಮರದ ನೆರಳಿಗೆ ನಿಂತೆವು. ಅದರ ಉಸಿರು ಹದಕ್ಕೆ ಬರಲು ಒಂದೂವರೆ ತಾಸು ಹಿಡಿಯಿತು. ನಾನು ಅಷ್ಟು ಹೊತ್ತೂ ಅದನ್ನು ಬೈಯಲಿಲ್ಲ.

ಮರುದಿನ ಮಾನ್ವಿಯ ದನದ ದವಾಖಾನೆಯಿಂದ ಡಾಕ್ಟರು ಶೆಡ್ಡಿಗೇ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ಮೊದಲು ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ತೆಗೆದು ಕುದುರೆಯ ಮೂಗಿಗೆ ಹಿಡಿದರು. ನನಗೆ ಪಿತ್ತ ನೆತ್ತಿಗೇರಿತು.

"ಇದ್ದ ಉಸಿರೇ ಸಾಲವಲ್ದು, ಮ್ಯಾಲ ಚೀಲ ಕಟ್ಟಾಕ ಬಂದೀರೇನ್ರಿ?"

"ಒಂದು ನಿಮಿಷ ಯಜಮಾನ್ರ. ಚೀಲ ಹಿಡಿದ್ರ ಅದು ಉದ್ದಾನ ಉಸಿರು ತಗೋತದ. ಆವಾಗ ಎದಿ ಒಳಗಿಂದು ಕೇಳಸ್ತದ" ಎಂದು ಪಕ್ಕೆಗೆ ಸ್ಟೆತಾಸ್ಕೋಪ್ ಇಟ್ಟರು. ಆಮೇಲೆ ಅದನ್ನು ನನ್ನ ಕಿವಿಗೇ ಕೊಟ್ಟರು.

ಕೇಳಿದೆ. ಸೀಟಿ. ಅದರ ಅಡಿಯಲ್ಲಿ ಜೋಳದ ಒಣ ಸೊಪ್ಪೆ ಮುರಿದ ಹಾಗೆ ಕರಕರ. ಸವೆದ ಬೇರಿಂಗನ್ನು ಹತ್ತು ಮಾರು ದೂರದಿಂದ ಹೇಳುವ ನಾನು ಒಂದೂವರೆ ವರ್ಷ ಇದರ ಬೆನ್ನ ಮೇಲೆ ಕೂತು ಇದನ್ನು ಕೇಳಿಸಿಕೊಂಡಿರಲಿಲ್ಲ. ನಾನು ಮೆಚ್ಚಿಕೊಂಡಿದ್ದ ಹೊಟ್ಟೆಯ ಗೆರೆಯ ಮೇಲೆ ಡಾಕ್ಟರು ಬೆರಳಿಟ್ಟರು. ಉಸಿರು ಹೊರಗೆ ತಳ್ಳಲು ಹೆಣಗಿ ಹೆಣಗಿ ಅಲ್ಲಿನ ಸ್ನಾಯು ದಪ್ಪವಾಗಿದೆ ಎಂದರು.

"ದಿನಾ ಮೇವು ಹೆಂಗ ಹಾಕ್ತೀರಿ? ಹಂಗೇ ಮಾಡಿ ತೋರಸ್ರಿ."

ಹಾಕಿ ತೋರಿಸಿದೆ. ಒಂದು ಹಿಡಿ ಹುಲ್ಲು ಎತ್ತಿ, ಚೆನ್ನಾಗಿ ಝಾಡಿಸಿ, ಅದರ ಮುಂದಿಟ್ಟೆ. ಇನ್ನೊಂದು ಹಿಡಿ. ಡಾಕ್ಟರು ಬಾಗಿಲ ತಟ್ಟನ್ನು ಸ್ವಲ್ಪ ಸರಿಸಿದರು. ಬಿಸಿಲಿನ ಒಂದು ಕೋಲು ಒಳಗೆ ಬಿತ್ತು. ಆ ಬೆಳಕಿನಲ್ಲಿ ಧೂಳು ಹೊಗೆಯ ಹಾಗೆ ಕುದಿಯುತ್ತಿತ್ತು, ಕುದುರೆಯ ಮುಖ ಅದರ ನಡುವೆ ಇತ್ತು. ನಾನು ಕೈ ಇಳಿಸಿದೆ.

"ಈ ಧೂಳು, ಬೂಷ್ಟು ಎದಿ ಒಳಗ ಹೋಗಿ ಗಾಳಿ ನಳಿಗೆ ಬಾವು ಬಂದದ. ಓಡೋವಾಗ ಕುದುರಿಗೆ ಹೆಜ್ಜಿಗೆ ಒಂದೇ ಉಸಿರು ಸಿಗ್ತದ್ರಿ. ನಮ್ಮಂಗ ನಡುವ ಇನ್ನೊಂದು ತಗೊಳ್ಳಾಕ ಬರಂಗಿಲ್ಲ. ಆ ಒಂದು ಉಸಿರಿಗೇ ದಾರಿ ಸಣ್ಣದಾದ್ರ ಅದು ಏನು ಮಾಡಬೇಕು?"

"ಔಷಧ ಕೊಡ್ರಿ."

"ಕೊಡ್ತೀನಿ. ಖರೇ ಔಷಧ ಅದಲ್ಲ. ಹೊಟ್ಟು ತಗೀರಿ, ತಟ್ಟು ತಗೀರಿ, ಲೋಬಾನ ಬಂದ್ ಮಾಡ್ರಿ. ಹುಲ್ಲು ನೀರಾಗ ನೆನಸಿ ಹಾಕ್ರಿ. ಆದ್ರ ಮಿಲ್ಲು ಇಲ್ಲೇ ಅದಲ್ರಿ. ಬಯಲಾಗ ಇಟ್ರ ಮಾತ್ರ ಇದು ಉಳಿತದ."

ಅವರು ಸಾಮಾನು ಎತ್ತಿಡುತ್ತಿದ್ದರು. ನಾನು ಕೇಳಬಾರದಿತ್ತು, ಆದರೂ ಕೇಳಿದೆ. ನನ್ನ ಹೆಂಡತಿಗೂ ಹೀಗೇ ಸೀಟಿ ಬರುತ್ತಿತ್ತು, ಅವಳ ಕಿಟಕಿಗೂ ತಟ್ಟು ಹೊಡೆದಿದ್ದೆ, ಅವಳಿಗೂ ಹೊಗೆ ಹಾಕಿದ್ದೆ ಎಂದೆ. ಹಾಗೆ ಮಾಡದಿದ್ದರೆ ಅವಳು ಇರುತ್ತಿದ್ದಳೇ ಎಂದು ಕೇಳಿದೆ. ಡಾಕ್ಟರು ಬ್ಯಾಗಿನ ಜಿಪ್ಪು ಎಳೆಯುವುದನ್ನು ನಿಲ್ಲಿಸಿದರು.

"ನಾನು ದನದ ಡಾಕ್ಟರ್ ರೀ. ಮನುಷ್ಯಾರದು ನನಗ ಗೊತ್ತಾಗಂಗಿಲ್ಲ" ಎಂದರು. ನನ್ನ ಮುಖ ನೋಡಲಿಲ್ಲ.

ಆ ದಿನವೇ ಶೆಡ್ಡಿನ ತಟ್ಟುಗಳನ್ನೆಲ್ಲ ಕಿತ್ತೆ. ಹೊಟ್ಟು ಗೋರಿ ಹಾಕಿ ಮರಳು ಸುರಿದೆ. ಹುಲ್ಲನ್ನು ಡ್ರಮ್ಮಿನಲ್ಲಿ ನೆನೆಸಿ ಕೊಟ್ಟೆ, ಅದು ಮೂಸಿ ನೋಡಿ ನನ್ನನ್ನು ಬೈದ ಹಾಗೆ ತಲೆ ತಿರುವಿತು, ಆಮೇಲೆ ತಿಂದಿತು. ಹದಿನೈದು ದಿನ ಔಷಧದಿಂದ ಸ್ವಲ್ಪ ಹಗುರಾಯಿತು. ಆದರೆ ಕೊಳವೆ ಉಗುಳುವುದನ್ನು ನಿಲ್ಲಿಸಲು ಸಾಧ್ಯವೇ. ಬೇಸಿಗೆ ಬೆಳೆ ಬಂದಿತ್ತು, ಮಿಲ್ಲು ಬಿಡುವಿಲ್ಲದೆ ಓಡುತ್ತಿತ್ತು. ಬೆಳಿಗ್ಗೆ ನೋಡಿದರೆ ನೀರಿನ ತೊಟ್ಟಿಯ ಮೇಲೆ ಹೊಟ್ಟಿನ ಕೆನೆ, ಕುದುರೆಯ ಕಣ್ಣೆವೆಯ ಮೇಲೂ ಹೊಟ್ಟು.

ಕ್ಲಾರಿನೆಟ್ ಕಾಕಾ ಒಂದು ದಿನ ನೋಡಲು ಬಂದ. ಅವನೂ ಈಚೆಗೆ ಉಸಿರು ಸಾಲದೆ ಊದುವುದು ಬಿಟ್ಟಿದ್ದ. ದೇವದುರ್ಗದ ಹೊರಗೆ ಅವನದೊಂದು ಕಲ್ಲುಭೂಮಿ ಇದೆ, ಕರಕಿ ಹುಲ್ಲು ಬಿಟ್ಟರೆ ಏನೂ ಬೆಳೆಯುವುದಿಲ್ಲ, ಗಾಳಿ ಮಾತ್ರ ಬೀಸುತ್ತದೆ. "ನನ್ನ ಕಡಿ ಬಿಡು ತಮ್ಮಾ. ಕರಕಿ ತಿಂತದ, ಬಯಲಾಗ ಇರ್ತದ" ಎಂದ.

ನಾನು ಕಿಡಿಕಿಡಿಯಾದೆ. ನನ್ನ ಕುದುರೆಯನ್ನು ಹೊಡೆದುಕೊಳ್ಳಲು ಬಂದಿದ್ದೀಯಾ ಎಂದೆ. ಊದಲು ಆಗದವನು ಕುದುರೆ ಏನು ಸಾಕುತ್ತೀ ಎಂದೆ. ಆಡಬಾರದ ಮಾತು ಅದು. ಅವನು ಚಹಾ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು, "ವಿಚಾರ ಮಾಡು" ಎಂದು ಎದ್ದು ಹೋದ.

ಮುಂದಿನ ಭಾನುವಾರ ಹಟಕ್ಕೆ ಬಿದ್ದು ಕಾಲುವೆ ದಂಡೆಗೆ ಕರೆದುಕೊಂಡು ಹೋದೆ. ಓಡಿಸಲಿಲ್ಲ, ಹತ್ತಲೂ ಇಲ್ಲ, ಪಕ್ಕದಲ್ಲಿ ನಡೆದೆ ಅಷ್ಟೇ. ನಾವು ಯಾವಾಗಲೂ ಓಟ ಶುರು ಮಾಡುತ್ತಿದ್ದ ತೂಬಿನ ಹತ್ತಿರ ಬಂದಾಗ ಅದು ತಾನಾಗಿಯೇ ಕಿವಿ ನಿಗುರಿಸಿ ನಾಲ್ಕು ಹೆಜ್ಜೆ ಓಡಿತು. ಐದನೆಯದಕ್ಕೆ ಕೆಮ್ಮಿತು. ತಲೆ ತಗ್ಗಿಸಿ ಕೆಮ್ಮಿ ಕೆಮ್ಮಿ, ಆಮೇಲೆ ಹಿಂತಿರುಗಿ ನನ್ನನ್ನು ನೋಡಿತು. ನಾನು ಅದರ ಕುತ್ತಿಗೆ ತಬ್ಬಿಕೊಂಡು ಅತ್ತೆ. ಗದ್ದೆಯಲ್ಲಿ ಉಳಿದ ತೆನೆ ಆಯುತ್ತಿದ್ದ ಹೆಂಗಸರು ನೋಡುತ್ತಿದ್ದರು, ನೋಡಲಿ ಎಂದುಕೊಂಡೆ. ತಬ್ಬಿಕೊಂಡಾಗಲೂ ಅದು ಕೆಮ್ಮಿತು. ನನ್ನ ಅಂಗಿ ತುಂಬ ಮಿಲ್ಲಿನ ಧೂಳಿತ್ತು.

ಸಣ್ಣ ಲಾರಿಯಲ್ಲಿ ದೇವದುರ್ಗಕ್ಕೆ ಸಾಗಿಸಿದೆ. ಕಾಕಾ ಹಳೆಯ ಮಾತು ಎತ್ತಲಿಲ್ಲ. ಬೇಲಿಯ ಬಾಗಿಲು ತೆಗೆದು, "ಬಾ ಯವ್ವಾ" ಎಂದು ಕುದುರೆಯನ್ನು ಕರೆದ. ನಾನು ಹೊರಡುವಾಗ ತಡವರಿಸುತ್ತ ಒಂದು ಮಾತು ಹೇಳಿದ: "ಬರೋ ಮುಂದ ಜಳಕ ಮಾಡಿ ಒಗದ ಅಂಗಿ ಹಾಕ್ಕೊಂಡು ಬಾ ತಮ್ಮಾ. ತಪ್ಪು ತಿಳ್ಕೋಬ್ಯಾಡ." ತಪ್ಪು ತಿಳಿಯಲಿಲ್ಲ. ಬಸ್ಸಿನಲ್ಲಿ ಕೂತು ನನ್ನ ತೋಳು ಮೂಸಿ ನೋಡಿಕೊಂಡೆ. ತೌಡಿನ ವಾಸನೆ. ಇಪ್ಪತ್ತೆರಡು ವರ್ಷ ಹೀಗೇ ಮನೆಗೆ ಬಂದು ಅವಳ ಪಕ್ಕದಲ್ಲಿ ಮಲಗಿದ್ದೆ.

ಆಮೇಲಿನ ಆರೇಳು ತಿಂಗಳು ವಾರಕ್ಕೊಮ್ಮೆ ದೇವದುರ್ಗದ ಬಸ್ಸು. ಒಗೆದ ಅಂಗಿಯನ್ನು ಚೀಲದಲ್ಲಿ ಕಟ್ಟಿ ತಂದು, ಕಾಕಾನ ಬಾವಿಯ ಹತ್ತಿರ ಮೈ ತೊಳೆದು ಬದಲಾಯಿಸಿ, ಆಮೇಲೆ ಬೇಲಿಯೊಳಗೆ ಹೋಗುತ್ತಿದ್ದೆ. ಮೊದಲ ಸಲ ನನ್ನನ್ನು ನೋಡಿ ಓಡಿಬಂತು, ಕೆಮ್ಮಿತು. ಮೂರನೆಯ ತಿಂಗಳಿಗೆ ಓಡಿಬಂದರೂ ಕೆಮ್ಮಲಿಲ್ಲ. ಮಾನ್ವಿಗೆ ಹಿಂತಿರುಗಿದರೆ ಖಾಲಿ ಶೆಡ್ಡು. ಬೆಳಿಗ್ಗೆ ಎದ್ದು ರೂಢಿಯಂತೆ ಹುಲ್ಲಿನ ಕಡೆ ಕೈ ಹೋಗುತ್ತಿತ್ತು. ಕೈಗೆ ಕೆಲಸ ಬೇಕೆಂದು ಶೆಡ್ಡನ್ನೇ ಹೊಸದು ಮಾಡತೊಡಗಿದೆ. ಗೋಡೆಗೆ ಸುಣ್ಣ ಹೊಡೆದೆ. ತಗಡು ಕತ್ತರಿಸಿ ಎರಡು ಕಿಟಕಿ ಮಾಡಿದೆ. ಹೊಟ್ಟಿನ ಕೊಳವೆಗೆ ಬಟ್ಟೆಯ ಚೀಲ ಕಟ್ಟಿ ಬಾಯಿ ತಿರುಗಿಸಿದೆ, ಮಾಲೀಕರಿಂದ ಬೈಸಿಕೊಂಡೆ. ಮದುವೆಯ ದಿನಗಳು ಬರುತ್ತಿದ್ದವು. ಇನ್ನು ತೊಂದರೆಯಿಲ್ಲ, ಕರೆದುಕೊಂಡು ಬರಬಹುದು ಎಂದು ನನಗೆ ನಾನೇ ದಿನಕ್ಕೆ ಹತ್ತು ಸಲ ಹೇಳಿಕೊಂಡೆ.

ಆ ಭಾನುವಾರ ಚೀಲದಲ್ಲಿ ಒಗೆದ ಅಂಗಿಯ ಜತೆ ಲಗಾಮನ್ನೂ ಇಟ್ಟುಕೊಂಡು ಹೋದೆ. ಸಂಜೆಗೆ ಲಾರಿಯವನಿಗೆ ಬರಲು ಹೇಳಿದ್ದೆ. ಕಾಕಾ ಲಗಾಮು ನೋಡಿದ. "ಒಂದು ಸಲ ಓಡಿಸಿ ನೋಡು" ಎಂದ.

ತಿಂಗಳುಗಳ ಮೇಲೆ ಅದರ ಬೆನ್ನೇರಿದೆ. ಕಲ್ಲುಭೂಮಿಯ ನಡುವೆ ಕಾಕಾ ಕಲ್ಲು ಆರಿಸಿ ಒಂದು ಸುತ್ತಿನ ದಾರಿ ಮಾಡಿದ್ದ. ನಡೆಯಿತು, ಕುಕ್ಕುಲೋಟ ಓಡಿತು, ಆಮೇಲೆ ನಾನು ಹೇಳುವ ಮೊದಲೇ ಪೂರ್ತಿ ಓಟಕ್ಕೆ ಬಿತ್ತು. ಮುಂಗಾಲು ನೆಲಕ್ಕೆ, ಉಸಿರು ಹೊರಗೆ. ಮೈ ಮೇಲಕ್ಕೆ, ಉಸಿರು ಒಳಗೆ. ಹೆಜ್ಜೆಗೊಂದು. ನಾನು ಕಣ್ಣು ಮುಚ್ಚಿದೆ. ಅದರ ಜತೆ ಸೇರಲು ಹೋದೆ, ಆಗಲಿಲ್ಲ. ಎರಡನೆಯ ಸುತ್ತಿಗೇ ನನಗೆ ದಮ್ಮು ಹತ್ತಿತು, ಕೆಮ್ಮು ಬಂತು. ಕೆಮ್ಮುತ್ತಿದ್ದವನು ಈ ಸಲ ನಾನು. ಅದು ತಾನಾಗಿಯೇ ಓಟ ನಿಧಾನ ಮಾಡಿ ನಿಂತಿತು.

ಇಳಿದು ಅದರ ಪಕ್ಕೆಗೆ ಕಿವಿ ಆನಿಸಿದೆ. ಬೆವರು ಬಿಸಿಯಾಗಿತ್ತು. ಗುಂಡಿಗೆಯ ಬಡಿತ ಕೇಳಿಸಿತು, ಗಾಳಿ ಹೋಗಿ ಬರುವುದು ಕೇಳಿಸಿತು. ಅಷ್ಟೇ. ಸೀಟಿ ಇಲ್ಲ, ಕರಕರ ಇಲ್ಲ. ಇನ್ನೊಂದು ಪಕ್ಕಕ್ಕೆ ಹೋಗಿ ಕೇಳಿದೆ. ಅಲ್ಲೂ ಇಲ್ಲ. ಒಂದು ಸಲ ಹೀಗೇ ಸೀಟಿ ನಿಂತಾಗ ನಾನು ಅಂಗಳದಲ್ಲಿ ಬೇವಿನ ಕಡ್ಡಿ ಕಚ್ಚಿಕೊಂಡು ನಿಂತಿದ್ದೆ. ಇವತ್ತು ಸೀಟಿ ನಿಂತಿತ್ತು, ಜೀವ ನನ್ನ ಕೆನ್ನೆಗೆ ತಾಗಿ ಏರಿಳಿಯುತ್ತಿತ್ತು. ಬಹಳ ಹೊತ್ತು ಕಿವಿ ತೆಗೆಯಲಿಲ್ಲ. ಏನಾದರೂ ಕೇಳಿಸಲಿ ಎಂದು ಆಸೆಪಟ್ಟೆನೋ ಏನೋ. ಕೇಳಿಸಿದ್ದರೆ ನನಗಿನ್ನೂ ಅಲ್ಲಿ ಕೆಲಸವಿರುತ್ತಿತ್ತು.

"ಹೆಂಗದ?" ಎಂದು ಕಾಕಾ ಬೇಲಿಯ ಆಚೆಯಿಂದ ಕೇಳಿದ.

"ಏನೂ ಕೇಳ್ಸವಲ್ದು ಕಾಕಾ."

"ಲಾರಿ ಎಷ್ಟೊತ್ತಿಗೆ ಬರ್ತದ?"

ನಾನು ಶೆಡ್ಡಿಗೆ ಮಾಡಿದ ಎರಡು ಕಿಟಕಿಗಳನ್ನು ನೆನೆದೆ. ಎರಡೂ ತೆರೆಯುವುದು ಮಿಲ್ಲಿನ ಅಂಗಳಕ್ಕೇ. ಮಾಡುವಾಗಲೂ ಅದು ನನಗೆ ಗೊತ್ತಿತ್ತು. ಫೋನು ತೆಗೆದು ಲಾರಿಯವನಿಗೆ ಬರಬೇಡವೆಂದೆ. ಅವನು ಗೊಣಗಿದ, ನಾನೂ ಎರಡು ಮಾತು ಬೈದೆ. ಕುದುರೆ ಕಿವಿ ಹಿಂದಕ್ಕೆ ಮಲಗಿಸಿ ಕೇಳಿಸಿಕೊಂಡಿತು. ಮುಗಿದ ಮೇಲೆ ಫುರ್ರ್ ಎಂದು ಮೂಗಿನಿಂದ ಗಾಳಿ ಬಿಟ್ಟಿತು.

"ಇಷ್ಟೇ ಬೇ. ಮುಗೀತು" ಎಂದೆ.

ಕಾಕಾನ ಮನೆಯ ಗೂಟಕ್ಕೆ, ಅವನ ಕ್ಲಾರಿನೆಟ್ಟಿನ ಪಕ್ಕದಲ್ಲಿ ಲಗಾಮು ತೂಗುಹಾಕಿದೆ. ಬಾವಿಯ ಹತ್ತಿರ ಬಿಚ್ಚಿಟ್ಟಿದ್ದ ಮಿಲ್ಲಿನ ಅಂಗಿಯನ್ನು ಮತ್ತೆ ತೊಟ್ಟುಕೊಂಡೆ. ಸಾಮಾನು ಚೀಲಕ್ಕೆ ಹಾಕಿಕೊಂಡು, ಬಸ್ಸು ಹಿಡಿದು, ಮನೆಗೆ ಹೋದೆ.